ಪಕ್ಕದವರ ಉಸಿರು

4 ಜನವರಿ

ಪ್ರೀತಿಯ ಅಣ್ಣ,

ಕೊನೆಗೂ ಒಪ್ಪಿದರು. ನಮ್ಮ ವಿಭಾಗದ ಮುಖ್ಯಸ್ಥರ ಬಲ ಹುಬ್ಬು ಮೇಲೇರಿತೆಂದರೆ ಆ ಅರ್ಜಿ ಸತ್ತಿತೆಂದೇ ಲೆಕ್ಕ. ನನ್ನ ಎಷ್ಟು ಅರ್ಜಿಗಳನ್ನು ಆ ಹುಬ್ಬು ನುಂಗಿದೆಯೋ. "ಸ್ವಂತ ಮನೆಯವರನ್ನೇ ಸಂಶೋಧನೆಗೆ ಸೇರಿಸ್ಕೊಂಡ್ರೆ ಜನ ನಗ್ತಾರಮ್ಮ" ಎನ್ನುತ್ತಿದ್ದರು. ಈ ಸಲ ಮೇಜಿನ ಮೇಲೆ ನಮ್ಮ ವಂಶವೃಕ್ಷ ಹಾಸಿ, ಅಜ್ಜ, ದೊಡ್ಡಪ್ಪ, ಅಪ್ಪ, ಹೀಗೆ ಉಸಿರು ಸಿಗದೆ ಹೋದವರಿಗೆಲ್ಲ ಕಪ್ಪು ಬಳಿದು ತೋರಿಸಿದೆ. ಹುಬ್ಬು ಅರ್ಧಕ್ಕೇ ನಿಂತಿತು.

ಅಪ್ಪನ ಶ್ವಾಸಕೋಶ ಒಣಗಿದ ಸ್ಪಂಜಿನ ಹಾಗೆ ಪೆಡಸಾಗಿ ಹೋಗಿದ್ದು ನಿನಗೆ ಗೊತ್ತೇ ಇದೆ. ಟ್ರಂಪೆಟ್ ಊದಿ ಊದಿಯೇ ಹೀಗಾಯಿತು ಎಂದು ಅಮ್ಮ ಅದನ್ನು ಅಟ್ಟಕ್ಕೆ ಹಾಕಿದರು. ನೀನು ಬ್ಯಾಂಡು ಬಿಡಲಿಲ್ಲವೆಂದು ಒಂದೇ ಮನೆಯಲ್ಲಿದ್ದೂ ನಿನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ. ತಪ್ಪು ಟ್ರಂಪೆಟ್ಟಿನದಲ್ಲ, ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುತ್ತಿರುವ ಒಂದು ಕೆಟ್ಟ ಜೀನಿನದು ಎಂದು ತೋರಿಸುವುದಕ್ಕೇ ನಾನು ಡಾಕ್ಟರಾದ ಮೇಲೆ ರೋಗಿಗಳನ್ನು ಬಿಟ್ಟು ಪ್ರಯೋಗಾಲಯ ಸೇರಿದ್ದು. ಹೋದ ವರ್ಷ ನಿಮ್ಮೆಲ್ಲರ ರಕ್ತ ಬಂತು. ಯಾರಲ್ಲಿ ಆ ಜೀನ್ ಇದೆ ಎಂದು ನನಗೆ ಗೊತ್ತು. ನಿಯಮದ ಪ್ರಕಾರ ನಿಮಗೆ ಹೇಳುವಂತಿಲ್ಲ. ಈಗ ಉಳಿದಿರುವುದು ಉಸಿರಿನ ಪರೀಕ್ಷೆ.

ಮುಂದಿನ ತಿಂಗಳು ಒಬ್ಬ ತಂತ್ರಜ್ಞ ಯಂತ್ರ ತೆಗೆದುಕೊಂಡು ಅಲ್ಲಿಗೆ ಬರುತ್ತಾನೆ. ಕೊಳವೆಗೆ ಬಾಯಿಟ್ಟು ಜೋರಾಗಿ ಊದಬೇಕು, ಅಷ್ಟೇ. ನಾನು ಹತ್ತಿರ ಸುಳಿಯಬಾರದೆಂದು ಮುಖ್ಯಸ್ಥರ ಷರತ್ತು. ಹೆಸರು ಕೂಗುವುದಿಲ್ಲ, ಎಲ್ಲರಿಗೂ ಒಂದೊಂದು ನಂಬರಿನ ಚೀಟಿ. ಈ ಪರೀಕ್ಷೆಯ ಫಲ ಮುಂದೆ ಯಾವುದಕ್ಕೆ ಬೇಕು ಎಂದೂ ಈಗ ಹೇಳುವಂತಿಲ್ಲ.

ಅಣ್ಣ, ನನ್ನ ಇಷ್ಟು ವರ್ಷದ ಕೆಲಸವೆಲ್ಲ ಇದರ ಮೇಲೆ ನಿಂತಿದೆ. ನಮ್ಮ ಮನೆಯವರು ಚೆನ್ನಾಗಿ ಮಾಡಿಕೊಡಬೇಕು. ಆ ಹುಬ್ಬಿನೆದುರು ನನ್ನ ಮಾನ ನಿಮ್ಮ ಕೈಯಲ್ಲಿದೆ.

ಅಪ್ಪನ ಬೆರಳ ತುದಿಗಳು ಉಬ್ಬಿದ್ದು ನೆನಪಿದೆಯಾ? ನಿನ್ನದು ಹೇಗಿದೆ, ನೋಡಿಕೊಂಡು ಬರೆ. ಫೋನನ್ನಾದರೂ ಎತ್ತು.

ನಿನ್ನ ತಂಗಿ

19 ಜನವರಿ

ಪೀಪಿ,

ಇಷ್ಟು ದೊಡ್ಡ ವಿಜ್ಞಾನಿಯನ್ನು ಪೀಪಿ ಎನ್ನಬಾರದೆಂದು ನಿನ್ನ ಅತ್ತಿಗೆ ಗದರುತ್ತಾಳೆ. ಏನು ಮಾಡಲಿ? ಚಿಕ್ಕಂದಿನಲ್ಲಿ ನಿನ್ನ ಬಾಯಿಗೆ ಎಂಥ ಟ್ರಂಪೆಟ್ ಕೊಟ್ಟರೂ ಮಕ್ಕಳ ಪೀಪಿಯ ಸದ್ದೇ ಹೊರಡುತ್ತಿತ್ತು. ಡಾಕ್ಟರಾದೆ, ಬ್ಯಾಂಡು ಬಚಾವಾಯಿತು.

ಫೋನ್ ಎತ್ತುವುದಿಲ್ಲವೆಂದು ಮುನಿಸಿಕೊಳ್ಳಬೇಡ. ಬ್ಯಾಂಡಿನ ಶೆಡ್ಡಿನಲ್ಲಿ ಡ್ರಮ್ಮಿನ ಗದ್ದಲ, ಒಂದು ಮಾತೂ ಕೇಳಿಸುವುದಿಲ್ಲ. ಕಾಗದವೇ ಚೆಂದ.

ಪರೀಕ್ಷೆಯ ಚಿಂತೆ ನನಗೆ ಬಿಡು. ಎಲ್ಲರನ್ನೂ ಸೇರಿಸಿ ತಾಲೀಮು ಶುರು ಮಾಡಿದ್ದೇನೆ. ಚಿಕ್ಕಪ್ಪನ ಮಗ ಗಜ, ಸೊಂಡಿಲಿನಂಥ ತನ್ನ ದೊಡ್ಡ ವಾದ್ಯವನ್ನು ಪಕ್ಕಕ್ಕಿಟ್ಟು ನೀರಿನ ಪೈಪು ಹಿಡಿದುಕೊಂಡು ಊದುತ್ತಾನೆ. ನನ್ನ ಭಾವಮೈದ ಈ ಲೆಕ್ಕಕ್ಕೆ ಬರುವುದಿಲ್ಲವಲ್ಲ, ನಿನ್ನ ಅತ್ತಿಗೆಯ ತಮ್ಮ, ನಮ್ಮ ರಕ್ತದವನಲ್ಲ. ಆದರೂ "ನನ್ನನ್ಯಾಕೆ ಬಿಡ್ತೀರಿ ಭಾವ, ನಾನೂ ಊದ್ತೀನಿ" ಎಂದು ಬಂದು ನಿಂತಿದ್ದಾನೆ. ಬ್ಯಾಂಡಿನಲ್ಲಿ ನನ್ನ ಪಕ್ಕ ನಿಲ್ಲುವವನು ಅವನೇ ತಾನೆ.

ಮೊಣಕೈ ನೆನಪಿದೆಯಾ? ಉದ್ದದ ಸ್ವರ ಬಂದಾಗ ಒಬ್ಬರ ಉಸಿರು ಸಾಲುವುದಿಲ್ಲ. ಮುಗಿಯುವ ಮೊದಲೇ ಪಕ್ಕದವರಿಗೆ ಮೊಣಕೈ ತಾಗಿಸಬೇಕು. ಅವರು ಸ್ವರ ಹಿಡಿದುಕೊಳ್ಳುತ್ತಾರೆ, ನಾವು ಉಸಿರು ತೆಗೆದುಕೊಳ್ಳುತ್ತೇವೆ. ಕೇಳುವವರಿಗೆ ಸ್ವರ ಕಡಿಯುವುದೇ ಇಲ್ಲ. ನಿನಗೆ ಮೊಣಕೈ ತಾಗಿಸಿದರೆ ಮಾತ್ರ "ಅಣ್ಣ ಹೊಡೀತಾನೆ" ಎಂದು ಅಳುತ್ತಾ ಅಮ್ಮನ ಹತ್ತಿರ ಓಡುತ್ತಿದ್ದೆ.

ಬೆರಳು ಚೆನ್ನಾಗಿವೆ. ನಿನ್ನ ಅತ್ತಿಗೆಯ ಅಡುಗೆಯಿಂದ ನಾನೇ ಪೂರ್ತಿ ಉಬ್ಬಿದ್ದೇನೆ, ಬೆರಳು ಯಾವ ಲೆಕ್ಕ.

ನೀನೂ ಊದುತ್ತೀಯಾ? ನೀನೂ ಅಪ್ಪನ ಮಗಳೇ ಅಲ್ಲವೇ? ನಿನ್ನ ರಕ್ತ ನೋಡಿಕೊಂಡೆಯಾ?

ಅಣ್ಣ

17 ಫೆಬ್ರವರಿ

ಪೀಪಿ,

ಅಬ್ಬಬ್ಬಾ, ಎಂಥ ಪರೀಕ್ಷೆ! ಶಾಲೆಯ ಹಾಲಿನ ಮೂಲೆಗೆ ಪರದೆ ಕಟ್ಟಿ ನಿಮ್ಮ ತಂತ್ರಜ್ಞ ಯಂತ್ರ ಇಟ್ಟುಕೊಂಡು ಕೂತಿದ್ದ. ಒಳ್ಳೆಯ ಹುಡುಗ, ಕಂಪ್ಯೂಟರಿನಿಂದ ಕಣ್ಣೆತ್ತುವವನಲ್ಲ. ಮೂಗಿಗೆ ಕ್ಲಿಪ್ಪು, ಬಾಯಿಗೆ ಕೊಳವೆ. "ಊದಿ, ಊದಿ, ಇನ್ನೂ, ಇನ್ನೂ" ಎಂದು ಅವನು ಕೂಗುತ್ತಿದ್ದರೆ ಹೊರಗೆ ಬೆಂಚಿನ ಮೇಲೆ ಕೂತವರೆಲ್ಲ ಕಾಲಲ್ಲಿ ತಾಳ ಹಾಕುತ್ತಿದ್ದರು.

ಕೊನೆಗೆ ಅವನು ಬೆವರು ಒರೆಸಿಕೊಂಡು, "ಇಷ್ಟು ವರ್ಷದಲ್ಲಿ ಇಂಥ ಊದೋರ್ನ ನೋಡಿಲ್ಲ ಸಾರ್" ಎಂದ. ಬೆನ್ನು ತಟ್ಟಿ ಕಾಫಿ ಕುಡಿಸಿ ಕಳಿಸಿದೆ.

ಏನಾಯಿತು? ಪಾಸಾದೆವಾ? ನಿನ್ನ ಮುಖ್ಯಸ್ಥರ ಹುಬ್ಬು ಕೆಳಗಿಳಿಯಿತಾ? ನಾನು ಕೇಳಿದ್ದಕ್ಕೆ ನೀನು ಉತ್ತರ ಬರೆಯಲಿಲ್ಲ. ನಿನ್ನದೇನಾಯಿತು?

ಅಣ್ಣ

2 ಏಪ್ರಿಲ್

ಅಣ್ಣ,

ಪಾಸಾದಿರಿ. ಎಲ್ಲರೂ ಪಾಸಾದಿರಿ. ಫೇಲಾದವಳು ನಾನು.

ಮುಖ್ಯಸ್ಥರು ತುಂಬಿದ ಸಭೆಯಲ್ಲಿ ಗೋಡೆಯ ಮೇಲಿನ ಚಿತ್ರದಲ್ಲಿ ನಮ್ಮ ಮನೆಯವರ ಉಸಿರಿನ ಚುಕ್ಕಿಗಳನ್ನು, ತಲೆಗೊಂದರಂತೆ, ತೋರಿಸಿದರು. ಆ ಜೀನ್ ಇದ್ದವರ ಚುಕ್ಕಿಗಳು ಕೆಳಗಿರಬೇಕಿತ್ತು. ಅವೇ ಎಲ್ಲಕ್ಕಿಂತ ಮೇಲೆ ಕೂತಿದ್ದವು. "ಇದು ಕಾಯಿಲೆ ಆದ್ರೆ ನಮಗೂ ಬರ್ಲಿ ಬಿಡಿ" ಎಂದರು ಯಾರೋ. ಕೋಣೆಯೆಲ್ಲ ನಗು. ನಾನೂ ಹಲ್ಲು ಕಿರಿದೆ. ಆಮೇಲೆ ಕೈ ತೊಳೆಯುವ ಕೋಣೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಈಗ ಮುಗಿದಿದೆ, ಹೇಳಬಹುದು. ಶ್ವಾಸಕೋಶ ಪೆಡಸಾಗುವುದನ್ನು ತಡೆಯುವ ಒಂದು ಹೊಸ ಔಷಧಿಯ ಪ್ರಯೋಗ ನಡೆಯಲಿದೆ. ಉಸಿರು ಸ್ವಲ್ಪ ಕುಂದಿದವರನ್ನು ಮಾತ್ರ ಅದಕ್ಕೆ ತೆಗೆದುಕೊಳ್ಳುತ್ತಾರೆ. ಚೆನ್ನಾಗಿರುವವರಿಗೆ ಬೇಕಿಲ್ಲ. ಇರಬೇಕಾದ ಉಸಿರಿನ ಅರ್ಧಕ್ಕಿಂತ ಕೆಳಗಿಳಿದವರಿಗೆ ಕೊಡಲು ಧೈರ್ಯವಿಲ್ಲ. ನಮ್ಮ ಮನೆಯಲ್ಲಿ ಯಾರಾದರೂ ಕುಂದಿದ್ದರೆ ಸಮಯಕ್ಕೆ ಸರಿಯಾಗಿ ಹಿಡಿಯಬಹುದು ಎಂಬುದೇ ನನ್ನ ಆಸೆಯಾಗಿತ್ತು. ಒಬ್ಬರೂ ಸಿಗಲಿಲ್ಲ.

ತಂಗಿಯಾಗಿ ಕುಣಿಯಬೇಕು, ನಿಜ. ಆದರೆ ನನಗೆ ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟು ಬಂದಿದೆ, ಯಾರ ಮೇಲೆ ಎಂದು ಗೊತ್ತಾಗುತ್ತಿಲ್ಲ. ರಕ್ತ ಒಂದು ಹೇಳುತ್ತಿದೆ, ಉಸಿರು ಇನ್ನೊಂದು ಹೇಳುತ್ತಿದೆ. ರಕ್ತದ ಮಾದರಿಗಳನ್ನಿಡುವ ನನ್ನ ಶೀತಲಪೆಟ್ಟಿಗೆಯ ಅರ್ಧ ಜಾಗವನ್ನು ಪಕ್ಕದ ತಂಡಕ್ಕೆ ಕೊಟ್ಟಾಗಿದೆ.

ಅಣ್ಣ, ನಿಜ ಹೇಳು. ನೀನು ಚೆನ್ನಾಗಿದ್ದೀಯಾ? ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆಯಾ? ಒಣಕೆಮ್ಮು ಇದೆಯಾ?

ತಂಗಿ

11 ಮೇ

ಪೀಪಿ,

ಎಲ್ಲರೂ ಚೆನ್ನಾಗಿದ್ದೇವೆ. ಕಾಗದ ತಡವಾಯಿತು, ಮೆರವಣಿಗೆಗಳ ಕಾಲ, ಬ್ಯಾಂಡಿಗೆ ಪುರಸೊತ್ತಿಲ್ಲ. ನಿನ್ನ ಕೆಲಸ ಹೀಗಾಯಿತೆಂದು ಓದಿ ಊಟ ಸೇರಲಿಲ್ಲ. ಚೆನ್ನಾಗಿ ಊದಿದರೆ ನಿನಗೆ ಒಳ್ಳೆಯದಾಗುತ್ತದೆ ಎಂದುಕೊಂಡಿದ್ದೆವು.

ಮೆಟ್ಟಿಲು ಸರಿಯಾಗಿದೆ.

ಅಣ್ಣ

3 ಜುಲೈ

ಪ್ರೀತಿಯ ಅಣ್ಣ,

ಕೂತು ಓದು, ಅಮ್ಮನಿಗೂ ಓದಿ ಹೇಳು!

ನಿನ್ನ ಪುಟ್ಟ ಕಾಗದ ಬಂದ ದಿನ ಬ್ಯಾಂಡಿಗೆ ಪುರಸೊತ್ತಿಲ್ಲ ಎಂಬ ಮಾತಿನ ಮೇಲೆ ಕಣ್ಣು ನಿಂತಿತು. ನಾನೆಂಥ ದಡ್ಡಿ! ಜೀನ್ ಇದೆ, ಕಾಯಿಲೆ ಇಲ್ಲ. ಯಾಕಿಲ್ಲ? ಇವರೆಲ್ಲ ಚಿಕ್ಕಂದಿನಿಂದ ಊದುತ್ತಿದ್ದಾರೆ. ಅಪ್ಪನನ್ನು ಕೊಂದದ್ದು ಟ್ರಂಪೆಟ್ ಎಂದು ಅಮ್ಮ ಬೈದರು. ಅದೇ ಅಪ್ಪನನ್ನು ಅಷ್ಟು ವರ್ಷ ಉಳಿಸಿತ್ತೋ ಏನೋ! ಲೆಕ್ಕ ಹಾಕಿದೆ, ಚೆನ್ನಾಗಿಯೇ ಕೂತಿತು. ಹೋದ ವಾರ ದೊಡ್ಡ ಸಮ್ಮೇಳನದಲ್ಲಿ ಮಂಡಿಸಿದೆ. ಚಪ್ಪಾಳೆ ಬಿತ್ತು ಅಣ್ಣ. ಮುಖ್ಯಸ್ಥರು ಊಟದ ಸಾಲಿನಲ್ಲಿ ತಾವೇ ಮುಂದೆ ಬಂದು "ನಿಮ್ಮಣ್ಣನವರ ಬ್ಯಾಂಡು ಹೇಗಿದೆ?" ಎಂದು ಕೇಳಿದರು. ಶೀತಲಪೆಟ್ಟಿಗೆಯ ಜಾಗ ವಾಪಸು ಬಂತು.

ಯಾರೂ ಊದುವುದನ್ನು ಬಿಡಬೇಡಿ. ದಿನಾ ಊದಿ, ಇನ್ನೂ ಹೆಚ್ಚು ಊದಿ. ಗಜನಿಗೂ ಹೇಳು, ಮೈಗಳ್ಳತನ ಮಾಡಿದರೆ ಕಿವಿ ಹಿಂಡುತ್ತೇನೆ. ಅಟ್ಟದ ಮೇಲಿನ ಟ್ರಂಪೆಟ್ ಕೆಳಗಿಳಿಸಿ ಎಂದು ಅಮ್ಮನಿಗೆ ಹೇಳು.

ನಿನ್ನ ಪೀಪಿ

26 ಆಗಸ್ಟ್

ಪೀಪಿ,

ಈ ಕಾಗದವನ್ನು ಬರೆದು ಹರಿದು, ಮತ್ತೆ ಬರೆದಿದ್ದೇನೆ. ಬೈಯುವುದಾದರೆ ನನ್ನೊಬ್ಬನನ್ನೇ ಬೈ.

ನಿನ್ನ ಜುಲೈ ಕಾಗದವನ್ನು ಗಜ ಬ್ಯಾಂಡಿನವರಿಗೆಲ್ಲ ಓದಿ ಹೇಳಿದ. ಅವನಿಗೆ ಮೊದಲೇ ಏದುಸಿರು. "ಅಕ್ಕನೇ ಹೇಳಿದ್ದಾಳಲ್ಲ, ಊದಿದ್ರೆ ವಾಸಿಯಾಗತ್ತೆ" ಎಂದು ಹಟ ಹಿಡಿದು ದಿನಾ ಊದಿದ. ಹೋದ ಭಾನುವಾರ ತಾಲೀಮಿನ ನಡುವೆ ಆ ವಾದ್ಯದ ಸಮೇತ ಕುಸಿದುಬಿದ್ದ. ತುಟಿ ನೀಲಿಯಾಗಿತ್ತು. ಆಸ್ಪತ್ರೆಯಲ್ಲಿ ಎದೆಯ ಚಿತ್ರ ತೆಗೆದು, ನಿಮ್ಮ ಮನೆಯಲ್ಲಿ ಈ ಕಾಯಿಲೆ ಯಾರಿಗಾದರೂ ಇತ್ತೇ ಎಂದು ಕೇಳಿದರು. ಈಗ ಆಕ್ಸಿಜನ್ ಕೊಟ್ಟು ಮನೆಗೆ ಕಳಿಸಿದ್ದಾರೆ.

ಫೆಬ್ರವರಿಯಲ್ಲಿ ಅವನ ಚೀಟಿ ಹಿಡಿದು ಊದಿದವನು ಗಜನಲ್ಲ, ನನ್ನ ಭಾವಮೈದ. ನನ್ನ ಚೀಟಿ ಹಿಡಿದು ಊದಿದವನೂ ಅವನೇ, ಅಂಗಿ ಬದಲಿಸಿಕೊಂಡು. ದೊಡ್ಡಪ್ಪನ ಮಗನ ಬದಲು ಕ್ಲಾರಿನೆಟ್ಟಿನವನು ಊದಿದ. ತಾಲೀಮಿನಲ್ಲಿ ಯಾರ್ಯಾರಿಗೆ ಉಸಿರು ಸಾಲಲಿಲ್ಲವೋ ಅವರೆಲ್ಲರ ಜಾಗದಲ್ಲೂ ಪಕ್ಕದವರು ಊದಿದರು. ನಿನ್ನ ತಂತ್ರಜ್ಞ ಚೀಟಿ ನೋಡಿದ, ಮುಖ ನೋಡಲಿಲ್ಲ.

ಮೋಸ ಮಾಡುತ್ತಿದ್ದೇವೆ ಎಂದು ನಮಗೆ ಅನ್ನಿಸಲೇ ಇಲ್ಲ ಪೀಪಿ. ನನ್ನ ಕೆಲಸವೆಲ್ಲ ಇದರ ಮೇಲೆ ನಿಂತಿದೆ, ಚೆನ್ನಾಗಿ ಮಾಡಿಕೊಡಿ ಎಂದು ನೀನು ಬರೆದಿದ್ದೆ. ಚೆನ್ನಾಗಿ ಊದುವುದು ಬಿಟ್ಟರೆ ನಮಗೆ ಇನ್ನೇನು ಗೊತ್ತು? ಬ್ಯಾಂಡಿನಲ್ಲಿ ಒಬ್ಬನ ಉಸಿರು ಕಟ್ಟಿದಾಗ ಇನ್ನೊಬ್ಬ ಸ್ವರ ಹಿಡಿಯದಿದ್ದರೆ ಅದು ತಪ್ಪು. ಏಪ್ರಿಲಿನಲ್ಲಿ ನಿನ್ನ ಕಾಗದ ಓದಿದಾಗ ನಾವು ಏನು ಮಾಡಿಬಿಟ್ಟೆವೆಂದು ಗೊತ್ತಾಯಿತು. ಗಜ ಹೇಳಿಬಿಡೋಣ ಎಂದ. ಹೇಳಿದರೆ ಮನೆಯವರೇ ಮೋಸ ಮಾಡಿದರೆಂದು ನಿನ್ನನ್ನು ಆಡಿಕೊಳ್ಳುತ್ತಾರೆ ಎಂದು ನಾನೇ ಅವನ ಬಾಯಿ ಮುಚ್ಚಿಸಿದೆ. ಆಮೇಲೆ ನೀನು ಗೆದ್ದೆ ಎಂದು ಬರೆದೆ. ಆಗ ಬಾಯಿ ಬಿಡುವುದು ಹೇಗೆ?

ನನಗೂ ಇದೆ. ಎರಡು ವರ್ಷವಾಯಿತು.

ಅಣ್ಣ

30 ಆಗಸ್ಟ್

ಅಣ್ಣ,

ಏನಂತ ಬರೆಯಲಿ?

ಎರಡು ವರ್ಷ! ಅದಕ್ಕೇ ಫೋನ್ ಎತ್ತುತ್ತಿರಲಿಲ್ಲ. ಡ್ರಮ್ಮಿನ ಗದ್ದಲವಂತೆ. ಒಂದು ವಾಕ್ಯ ಆಡಿದರೆ ನಿನ್ನ ಉಸಿರು ನನಗೆ ಕೇಳಿಸಿಬಿಡುತ್ತಿತ್ತು. ನಾನೊಬ್ಬಳು ಮೂರ್ಖಿ, ಅಣ್ಣನಿಗೆ ಕಾಗದದ ಮೇಲೆ ಪ್ರೀತಿ ಬಂದಿದೆ ಎಂದು ಖುಷಿಪಟ್ಟು ಒಳ್ಳೆಯ ಪೆನ್ನು ಕೊಂಡುಕೊಂಡೆ.

ಜಗತ್ತಿನಲ್ಲಿ ಜನ ಪರೀಕ್ಷೆಯಲ್ಲಿ ಸುಳ್ಳು ಹೇಳುತ್ತಾರೆ, ಅದಕ್ಕೆಲ್ಲ ನಾವು ಉಪಾಯ ಮಾಡಿಕೊಂಡಿದ್ದೇವೆ. ಒಬ್ಬರ ಉಸಿರನ್ನು ಇನ್ನೊಬ್ಬರು ಊದಿಕೊಡುವ ಮನೆ ಇದೆ ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ಆ ಮನೆಯಲ್ಲಿ ಹುಟ್ಟಿದ ನನಗಾದರೂ ಹೊಳೆಯಬೇಕಿತ್ತು. ಮೊಣಕೈಯ ವಿಷಯ ನೀನೇ ಬರೆದಿದ್ದೆ! ಓದಿ ನಕ್ಕು ಪಕ್ಕಕ್ಕಿಟ್ಟೆ.

ಸಾಯುತ್ತಿರುವವನಿಗೆ ಇನ್ನೂ ಊದು ಎಂದು ಬರೆದವಳು ನಾನು. ಗಜನ ಮುಖ ಹೇಗೆ ನೋಡಲಿ? ನೀವೆಲ್ಲ ಸೇರಿ ಅದನ್ನು ನನ್ನ ಕೈಯಿಂದ ಬರೆಸಿದಿರಿ. ನಿಮ್ಮ ಪ್ರೀತಿಗಿಷ್ಟು ಬೆಂಕಿ ಬೀಳಲಿ.

ಇವತ್ತು ಮುಖ್ಯಸ್ಥರಿಗೆ ಎಲ್ಲ ಹೇಳಿದೆ. ಹುಬ್ಬು ಏರಲಿಲ್ಲ, ಇಳಿಯಲಿಲ್ಲ. ಸಮ್ಮೇಳನಕ್ಕೆ ಪತ್ರ ಬರೆದು ನನ್ನ ಮಾತು ವಾಪಸು ತೆಗೆದುಕೊಳ್ಳಬೇಕು. ವಿಚಾರಣೆ ಮುಗಿಯುವವರೆಗೆ ನಿಮ್ಮಲ್ಲಿ ಯಾರನ್ನೂ ನಾನು ಭೇಟಿ ಮಾಡುವಂತಿಲ್ಲ. ಮತ್ತೊಮ್ಮೆ ಪರೀಕ್ಷೆ ಮಾಡುತ್ತಾರೆ, ಬೇರೆ ತಂಡ ಬರುತ್ತದೆ. ಒಬ್ಬೊಬ್ಬರನ್ನೇ ಕೋಣೆಗೆ ಕರೆದು ಬಾಗಿಲು ಹಾಕುತ್ತಾರೆ.

ಕೆಟ್ಟದಾಗಿ ಊದು ಅಣ್ಣ. ನಿನ್ನ ಕೈಲಾದಷ್ಟೇ ಊದು. ಟ್ರಂಪೆಟ್ ಮುಟ್ಟಬೇಡ. ಅತ್ತಿಗೆಗೆ ಎಲ್ಲ ಹೇಳು.

ತಂಗಿ

14 ಅಕ್ಟೋಬರ್

ಅಣ್ಣ,

ಫಲಿತಾಂಶ ಬಂತು. ನಾನೇ ಬರೆಯುತ್ತೇನೆಂದು ಕೇಳಿಕೊಂಡೆ.

ಗಜನ ಉಸಿರು ಗಡಿಯೊಳಗಿದೆ. ಕುಸಿದುಬಿದ್ದವನು ಅವನು, ಆದರೂ ಅರ್ಧಕ್ಕಿಂತ ಸ್ವಲ್ಪ ಮೇಲೆ ಉಳಿದುಕೊಂಡಿದ್ದಾನೆ. ಔಷಧಿಯ ಪ್ರಯೋಗಕ್ಕೆ ತೆಗೆದುಕೊಳ್ಳುತ್ತಾರೆ. ದೊಡ್ಡಪ್ಪನ ಮಗನಿಗೂ ಜಾಗ ಸಿಕ್ಕಿತು.

ನಿನ್ನದು ನೂರಕ್ಕೆ ನಲವತ್ತನಾಲ್ಕು.

ಮುಖ್ಯಸ್ಥರ ಕೋಣೆಗೆ ಹೋಗಿ ಮೇಜು ಗುದ್ದಿದೆ. "ನಾನೇ ನಿಯಮ ಮುರಿದ್ರೆ ನಿಮ್ಮಣ್ಣನ ಜೀವಕ್ಕೆ ಯಾರಮ್ಮ ಜವಾಬ್ದಾರಿ?" ಎಂದರು. ಅವರ ಮಾತು ಸರಿ. ಅದೇ ನನ್ನನ್ನು ಕೊಲ್ಲುತ್ತಿದೆ. ಅವರು ಕೆಟ್ಟವರಾಗಿದ್ದರೆ ಎಷ್ಟು ಚೆನ್ನಾಗಿತ್ತು! ಫೆಬ್ರವರಿಯಲ್ಲಿ ನಿನ್ನ ಚೀಟಿ ಹಿಡಿದು ನೀನೇ ಊದಿದ್ದರೆ? ಖಂಡಿತ ಎಂದು ಹೇಳಲಾರೆ, ಆದರೆ ನನ್ನ ಲೆಕ್ಕದಲ್ಲಿ ಆಗ ನೀನು ಗಡಿಯೊಳಗೇ ಇದ್ದೆ. ಹಳೆಯ ಔಷಧಿಯನ್ನು ಅಲ್ಲಿನ ಡಾಕ್ಟರಿಗೆ ಹೇಳಿ ಬರೆಸಿದ್ದೇನೆ. ವಾಕರಿಕೆ ಬರುತ್ತದೆ, ಆದರೂ ಬಿಡಬೇಡ.

ಇನ್ನೊಂದು ವಿಷಯ. ಈ ಸಲದ ಚುಕ್ಕಿಗಳೆಲ್ಲ ಇರಬೇಕಾದ ಕಡೆಯೇ ಇವೆ. ಜೀನ್ ಇದ್ದು ವಯಸ್ಸಾದವರೆಲ್ಲ ಕೆಳಗೆ, ಇಲ್ಲದವರು ಮೇಲೆ. ನಾನು ಮೊದಲಿನಿಂದ ಹೇಳುತ್ತಿದ್ದದ್ದೇ ಸರಿ. ಟ್ರಂಪೆಟ್ ಕೊಲ್ಲಲೂ ಇಲ್ಲ, ಕಾಯಲೂ ಇಲ್ಲ. ಪ್ರಬಂಧ ಪ್ರಕಟವಾಗುತ್ತದೆ, ಎಲ್ಲರೂ ಬಂದು ಕೈ ಕುಲುಕುತ್ತಿದ್ದಾರೆ. ಆ ಚಿತ್ರದಲ್ಲಿ ಎಲ್ಲಕ್ಕಿಂತ ಕೆಳಗಿರುವ ಚುಕ್ಕಿ ಯಾವುದು ಎಂದು ಅವರಿಗೆ ಗೊತ್ತಿಲ್ಲ. ಅದನ್ನು ಹರಿದು ಹಾಕುವಷ್ಟು ಸಿಟ್ಟಿದೆ ನನಗೆ.

ತಂಗಿ

2 ನವೆಂಬರ್

ಪೀಪಿ,

ಚಿಕ್ಕ ಚಿಕ್ಕ ಸಾಲು ಬರೆಯುತ್ತೇನೆ. ಬರೆಯುವುದಕ್ಕೂ ಉಸಿರು ಬೇಕು ಎಂದು ಗೊತ್ತಿರಲಿಲ್ಲ.

ಗಜನಿಗೆ ಔಷಧಿ ಶುರುವಾಯಿತು. ನನ್ನ ಮುಂದೆ ನುಂಗಲು ನಾಚುತ್ತಾನೆ. ಬೈದು ನುಂಗಿಸುತ್ತೇನೆ.

ನೀನು ಮುಟ್ಟಬೇಡ ಎಂದಿದ್ದರೂ ಒಮ್ಮೆ ಹೋದೆ. ಶಾಲೆಯ ವಾರ್ಷಿಕೋತ್ಸವ. ಟ್ರಂಪೆಟ್ ತುಟಿಗಿಟ್ಟುಕೊಂಡು ನಿಂತೆ, ಊದಲಿಲ್ಲ. ಭಾವಮೈದ ಇಬ್ಬರದ್ದೂ ಊದಿದ. ಪಾಪ, ಅವನ ಕಣ್ಣಲ್ಲಿ ನೀರು. ಜನಕ್ಕೆ ಏನೂ ಗೊತ್ತಾಗಲಿಲ್ಲ. ಅದೇ ನನ್ನ ಕೊನೆಯದು.

ಒಂದು ಸಂತೋಷದ ಸುದ್ದಿ. ಟ್ರಂಪೆಟ್ಟಿನ ತಪ್ಪಲ್ಲ ಎಂದು ನೀನು ಬರೆದದ್ದನ್ನು ಅಮ್ಮ ಎರಡು ಸಲ ಓದಿಸಿಕೊಂಡರು. ಮರುದಿನ ಅಪ್ಪನ ಟ್ರಂಪೆಟ್ ಅಟ್ಟದಿಂದ ಇಳಿಸಿ, ಸೀರೆಯ ಸೆರಗಿನಲ್ಲೇ ಉಜ್ಜುತ್ತಾ ಕೂತರು. "ಸುಮ್ಮನೆ ನಿನ್ನ ಬೈದೆ ಕಣೋ" ಎಂದರು. ನಿನ್ನ ಇಷ್ಟು ವರ್ಷದ ಓದಿನಿಂದ ನನಗೆ ಅಮ್ಮ ವಾಪಸು ಸಿಕ್ಕರು. ಚಿತ್ರ ಹರಿಯಬೇಡ.

ಜನವರಿಯಿಂದ ಒಂದೇ ಪ್ರಶ್ನೆ ಕೇಳುತ್ತಿದ್ದೇನೆ. ನೀನು ಜಾರಿಕೊಳ್ಳುತ್ತಿದ್ದೀಯ. ನಾನು ಮುಚ್ಚಿಟ್ಟೆ ಎಂದು ಬೈದೆ, ಸರಿ. ನಿನ್ನದೇನು? ನಿನಗೂ ಇದೆಯಾ? ಇದ್ದರೆ ಹೇಳಿಬಿಡು ಪುಟ್ಟ. ನನಗೆ ರಾತ್ರಿ ನಿದ್ದೆ ಬಾರದಿರುವುದು ಕೆಮ್ಮಿನಿಂದಲ್ಲ.

ಅಣ್ಣ

9 ನವೆಂಬರ್

ಅಣ್ಣ,

ನನಗಿಲ್ಲ.

ನಿಮ್ಮೆಲ್ಲರ ರಕ್ತಕ್ಕಿಂತ ಮೊದಲೇ ನನ್ನದನ್ನು ನೋಡಿಕೊಂಡಿದ್ದೆ. ಆ ಜೀನ್ ನನ್ನಲ್ಲಿಲ್ಲ. ಉಸಿರೂ ಊದಿ ನೋಡಿಕೊಂಡೆ, ಇರಬೇಕಾದ್ದಕ್ಕಿಂತ ಹೆಚ್ಚೇ ಬಂತು. ನಿನ್ನಲ್ಲಿದೆ ಎಂದು ಗೊತ್ತಿದ್ದೂ ನನ್ನಲ್ಲಿಲ್ಲ ಎಂದು ಯಾವ ಬಾಯಲ್ಲಿ ಬರೆಯಲಿ? ನೀನು ಕೇಳಿದಾಗಲೆಲ್ಲ ಆ ಸಾಲನ್ನು ಹಾರಿಸಿ ಓದುತ್ತಿದ್ದೆ. ನನಗೂ ಇದೆಯೆಂದು ನೀನು ಹೆದರಿಕೊಂಡಿರಬಹುದು ಎಂದು ಒಮ್ಮೆಯೂ ಹೊಳೆಯಲಿಲ್ಲ. ಮುಚ್ಚಿಡುವುದರಲ್ಲಿ ನಾವಿಬ್ಬರೂ ಒಂದೇ ಮನೆಯವರು, ಸಂಶಯವೇ ಬೇಡ.

ಇಡೀ ಮನೆಯಲ್ಲಿ ಅಷ್ಟು ಒಳ್ಳೆಯ ಶ್ವಾಸಕೋಶ ಸಿಕ್ಕಿದ್ದು ಒಂದು ಸ್ವರ ಊದಲೂ ಬಾರದವಳಿಗೆ. ಇದಕ್ಕಿಂತ ಕೆಟ್ಟ ಹಂಚಿಕೆ ಇದೆಯೇ? ನಾನು ಸಿಟ್ಟು ಮಾಡಿಕೊಂಡಿರುವುದು ಯಾರ ಮೇಲೆ ಎಂದು ಈಗ ಗೊತ್ತಾಯಿತು. ಬೈಯೋಣವೆಂದರೆ ಆ ಜೀನಿಗೆ ಕಿವಿಯಿಲ್ಲ.

ವಿಚಾರಣೆ ಮುಗಿಯಿತು, ನನ್ನ ತಪ್ಪಿಲ್ಲ ಎಂದರು. ಪರೀಕ್ಷೆಯ ಕೋಣೆಯಲ್ಲಿ ಒಬ್ಬರೇ ಇರಬೇಕು, ಮುಖ ನೋಡಿ ಗುರುತು ಹಿಡಿಯಬೇಕು ಎಂದು ಹೊಸ ನಿಯಮ ಬಂದಿದೆ. ಹೊಸಬರು ಯಾಕೆಂದು ಕೇಳುತ್ತಾರೆ. ಮುಖ್ಯಸ್ಥರು ನನ್ನ ಕಡೆ ನೋಡಿ ಮಾತು ಬದಲಿಸುತ್ತಾರೆ.

ಶುಕ್ರವಾರ ಹೊರಟು ಬರುತ್ತಿದ್ದೇನೆ, ಉದ್ದದ ರಜೆ ಹಾಕಿ. ಅಪ್ಪನ ಟ್ರಂಪೆಟ್ಟನ್ನು ಮತ್ತೆ ಅಟ್ಟಕ್ಕೇರಿಸಬೇಡಿ. ನೀನು ಕುರ್ಚಿಯಲ್ಲಿ ಕೂತು ಬೆರಳು ಎಲ್ಲಿಡಬೇಕೆಂದು ಹೇಳಿಕೊಡು, ನಾನು ಪಕ್ಕದಲ್ಲಿ ನಿಂತು ಊದುತ್ತೇನೆ. ಕೇಳುವ ಹಾಗಿರುವುದಿಲ್ಲ, ಬೀದಿಯವರಿಗೆಲ್ಲ ಮೊದಲೇ ಹೇಳಿಡು. ಯಾವಾಗ ಹಿಡಿದುಕೊಳ್ಳಬೇಕೋ ಆಗ ಮೊಣಕೈ ತಾಗಿಸು.

ಈ ಸಲ ಅಮ್ಮನ ಹತ್ತಿರ ಓಡುವುದಿಲ್ಲ.

ಪೀಪಿ